ವಕೀಲರನ್ನು ಕೇಳಿ: ಜೈಲಿನಲ್ಲಿರುವ ತಮ್ಮ ‘ಇಂಕ ಚಾಲನ್ನಾ’ ಅಂದರೆ ಯಾರಿಗೆ ಹೇಳಬೇಕು?

ಗುಂಪಿನ ನಿರ್ವಾಹಕರಿಂದ: ಈ ವಾರ ಉತ್ತರ ಕೊಡುವವರು ಕೋಲಾರದ ಕೋರ್ಟುಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿರುವ ವಕೀಲರು. ಉಚಿತ ಕಾನೂನು ನೆರವಿನ ಪ್ಯಾನೆಲ್‌ನಲ್ಲಿದ್ದಾಗ ಜೈಲುಗಳಿಗೆ ಹೋಗಿಬಂದು ಮಾಡಿದವರು. ಎಂದಿನಂತೆ ಯಾವ ವ್ಯಕ್ತಿಯ ಹೆಸರೂ ಬೇಡ, ಯಾವ ಜೈಲು, ಯಾವ ಆಸ್ಪತ್ರೆ ಅಂತಲೂ ಬರೆಯಬೇಡಿ. ನಿಮಗೇ ಅಥವಾ ಮನೆಯವರಿಗೆ ಬದುಕು ಬೇಡ ಅನ್ನಿಸುತ್ತಿದ್ದರೆ ಇಲ್ಲಿನ ಉತ್ತರಕ್ಕೆ ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ, ಶ್ರೀನಿವಾಸಪುರ ತಾಲ್ಲೂಕಿನಿಂದ

ಸಾರ್ ನಮಸ್ಕಾರ. ನಮ್ಮ ತಮ್ಮನ್ನ ಹೋದ ಶುಕ್ರವಾರ ಅರೆಸ್ಟ್ ಮಾಡಿದ್ರು. ಮಾವಿನಕಾಯಿ ಮಂಡಿ ದುಡ್ಡಿನ ವಿಚಾರಕ್ಕೆ ಹೊಡೆದಾಟ ಆಗಿ ಕೊಲೆ ಯತ್ನ ಅಂತ 109 ಹಾಕಿದ್ದಾರೆ. ಈಗ ಜೈಲಲ್ಲಿದ್ದಾನೆ. ಅವನಿಗೆ ಆರು ವರ್ಷದಿಂದ ನಿಮ್ಹಾನ್ಸ್ ಚೀಟಿ ಇದೆ, ಲಿಥಿಯಂ ಮಾತ್ರೆ ನುಂಗ್ತಿದ್ದ. 2019ರಲ್ಲಿ ಒಂದು ಸಲ ಜೀವ ಕಳ್ಕೊಳ್ಳೋಕೆ ಹೋಗಿ ಉಳಿಸ್ಕೊಂಡಿದ್ವಿ. ಮೊನ್ನೆ ಸಂದರ್ಶನಕ್ಕೆ ಹೋದಾಗ ಜಾಲರಿ ಆಚೆಯಿಂದ ‘ಇಂಕ ಚಾಲನ್ನಾ, ಅಮ್ಮನಿ ಚೂಸ್ಕೋ’ ಅಂದ. ಮನೇಲಿ ನಾವು ತೆಲುಗೇ ಮಾತಾಡೋದು. ಇನ್ನು ಸಾಕಣ್ಣ, ಅಮ್ಮನ್ನ ನೋಡ್ಕೋ ಅಂತ. ತಗೊಂಡೋಗಿದ್ದ ಮಾತ್ರೆ ಗೇಟಲ್ಲೇ ವಾಪಸ್ ಕೊಟ್ರು. ಯಾರಿಗೆ ಹೇಳ್ಬೇಕು? ಹೇಳಿದ್ರೆ ಒಂಟಿ ರೂಮಿಗೆ ಹಾಕ್ತಾರೆ ಅಂತಾನೂ ಭಯ. ಏನಾದ್ರೂ ಆದ್ರೆ ಹೊಣೆ ಯಾರದು?

ಉತ್ತರ

ಅಣ್ಣಾ, ಹೊಣೆ ಯಾರದು ಅನ್ನೋದು ಆಮೇಲೆ. ಈ ಪೋಸ್ಟ್ ಓದಿ ಮುಗಿಸಿದ ಕೂಡಲೇ ಒಂದು ಬಿಳಿ ಹಾಳೆ ತಗೊಳ್ಳಿ.

ಜೈಲು ಅಧೀಕ್ಷಕರಿಗೆ ಅಂತ ವಿಳಾಸ ಹಾಕಿ. ತಮ್ಮನ ಹೆಸರು, ಗೊತ್ತಿದ್ದರೆ ಅವನ ಯುಟಿಪಿ (ವಿಚಾರಣಾಧೀನ ಕೈದಿ) ನಂಬರು, ಯಾವ ಠಾಣೆಯ ಯಾವ ಕ್ರೈಂ ನಂಬರಿನ ಕೇಸು. ಕೆಳಗೆ ಮೂರೇ ಸಂಗತಿ ಬರೆಯಿರಿ. ಇಂಥ ಕಾಯಿಲೆಗೆ ಇಂಥ ಮಾತ್ರೆ ಇಷ್ಟು ವರ್ಷದಿಂದ ತಗೊಳ್ಳುತ್ತಿದ್ದಾನೆ, ಇಂಥ ದಿನದಿಂದ ನಿಂತಿದೆ. 2019ರಲ್ಲಿ ಹೀಗಾಗಿತ್ತು. ಇಂಥ ತಾರೀಕು ಸಂದರ್ಶನದಲ್ಲಿ ಹೀಗೆ ಹೇಳಿದ. ಆ ತೆಲುಗು ಮಾತನ್ನು ಹೇಳಿದ ಹಾಗೇ ಬರೆಯಿರಿ, ಪಕ್ಕದಲ್ಲಿ ಕನ್ನಡ ಅರ್ಥ ಇರಲಿ. ‘ಬೇಜಾರಾಗಿದ್ದಾನೆ’ ಅಂತ ಮೆತ್ತಗೆ ಮಾಡಬೇಡಿ. ಬೇಜಾರು ಜೈಲಲ್ಲಿ ಎಲ್ಲರಿಗೂ ಇರುತ್ತೆ, ಯಾರೂ ತಲೆ ಎತ್ತಿ ನೋಡಲ್ಲ. ನಿಮ್ಹಾನ್ಸ್ ಚೀಟಿಯ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜೈಲಿನ ವೈದ್ಯರಿಗೂ ಪ್ರತಿ ಅಂತ ಕೆಳಗೆ ಬರೆಯಲು ಮರೆಯಬೇಡಿ. ಕೋಲಾರಕ್ಕೆ ಹೊರಡೋ ಮೊದಲೇ ಜೈಲಿಗೆ ಫೋನ್ ಮಾಡಿ ಬಾಯಲ್ಲೂ ಹೇಳಿ, ಯಾರ ಹತ್ತಿರ ಎಷ್ಟು ಗಂಟೆಗೆ ಮಾತಾಡಿದಿರಿ ಅಂತ ಗುರುತು ಹಾಕಿಕೊಳ್ಳಿ.

ಅದೇ ಹೊತ್ತಿಗೆ ನಿಮ್ಮ ವಕೀಲರು ರಿಮ್ಯಾಂಡ್ ಕೋರ್ಟಿಗೆ, ಅಂದರೆ ತಮ್ಮನನ್ನು ಜೈಲಿಗೆ ಕಳಿಸಿದ ಕೋರ್ಟಿಗೆ, ಒಂದು ಮೆಮೊ ಹಾಕಲಿ. ಮನೋವೈದ್ಯರಿಂದ ಪರೀಕ್ಷೆ ಮಾಡಿಸಿ ವರದಿ ಕೊಡಲು ಅಧೀಕ್ಷಕರಿಗೆ ಸೂಚಿಸಬೇಕು ಅಂತ ಪ್ರಾರ್ಥನೆ. ಜಡ್ಜ್ ಸಾಹೇಬರು ಕಸ್ಟಡಿ ವಾರಂಟ್ ಮೇಲೇ ಷರಾ ಬರೆದರೆ ಇನ್ನೂ ಒಳ್ಳೇದು, ಆ ಕಾಗದ ತಮ್ಮನ ಜೊತೆಗೇ ಓಡಾಡುತ್ತೆ. ವಕೀಲರಿಲ್ಲ ಅಂದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ನೇರ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಕಸ್ಟಡಿಯಲ್ಲಿರುವವನಿಗೆ ಆದಾಯ ಪ್ರಮಾಣಪತ್ರ ಗಿಮಾಣಪತ್ರ ಏನೂ ಬೇಡ, ಉಚಿತ ನೆರವಿಗೆ ಅವನು ಅರ್ಹ.

ಮಾತ್ರೆ ವಾಪಸ್ ಕೊಟ್ಟದ್ದು ನಿಮಗೆ ಅನ್ಯಾಯ ಅನ್ನಿಸಿರಬಹುದು. ಗೇಟಿನವನು ಅಷ್ಟರ ಮಟ್ಟಿಗೆ ಸರಿ. ಹೊರಗಿನ ಮಾತ್ರೆಯನ್ನು ಕೈದಿಯ ಕೈಗೆ ಕೊಡುವಂತಿಲ್ಲ, ಒಂದು ಸ್ಟ್ರಿಪ್ ಪೂರ್ತಿ ಒಬ್ಬನ ಹತ್ತಿರ ಇರೋದೇ ಅಪಾಯ. ಅವನ ತಪ್ಪು ಇರುವುದು ಮುಂದಿನ ಹೆಜ್ಜೆಯಲ್ಲಿ. ‘ಇವನಿಗೆ ಮಾತ್ರೆ ನಡೀತಿತ್ತಂತೆ’ ಅನ್ನೋ ಮಾತನ್ನು ಒಳಗಿನ ವೈದ್ಯರಿಗೆ ಮುಟ್ಟಿಸಬೇಕಿತ್ತು. ಮಾತ್ರೆಯ ಜೊತೆ ಮಾತೂ ಗೇಟಿನಿಂದ ವಾಪಸ್ ಬಂತು ನೋಡಿ, ಅದು ಪ್ರಾಬ್ಲಂ.

ಈಗ ಹೊಣೆ. ಒಳಗೆ ಏನಾದರೂ ಆದರೆ ಕೋರ್ಟು, ಮಾನವ ಹಕ್ಕುಗಳ ಆಯೋಗ, ಇಲಾಖಾ ವಿಚಾರಣೆ, ಎಲ್ಲರೂ ತಿರುಗಿ ತಿರುಗಿ ಕೇಳೋದು ಒಂದೇ: ಯಾರಿಗೆ ಗೊತ್ತಿತ್ತು, ಯಾವಾಗ ಗೊತ್ತಾಯ್ತು, ಗೊತ್ತಾದ ಮೇಲೆ ಏನು ಮಾಡಿದರು. ನಿಮ್ಮ ಮನೆಯಲ್ಲಿರುವ ಸಂಗತಿ ಸೀಲು ಬಿದ್ದ ಹಾಳೆಯಾಗಿ ಒಳಗೆ ಹೋದ ಕ್ಷಣದಿಂದ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನೋ ಬಾಗಿಲು ಮುಚ್ಚುತ್ತೆ. ನನ್ನ ಅನುಭವದಲ್ಲಿ ಆ ಬಾಗಿಲು ಮುಚ್ಚಿದ ಮೇಲೆಯೇ ಕೆಲಸ ಶುರುವಾಗೋದು. ಕೇಸು ಗೆಲ್ಲೋದಕ್ಕಿಂತ ಅದು ಮುಖ್ಯ.

ಇನ್ನೊಂದು ಅಸ್ತ್ರ ಜನರಿಗೆ ಗೊತ್ತಿಲ್ಲ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಲ್ಲಿ 48 ಗಂಟೆಯೊಳಗೆ ಕೊಡಬೇಕು, 30 ದಿನ ಅಲ್ಲ. ‘ನನ್ನ ತಮ್ಮನನ್ನು ವೈದ್ಯರು ನೋಡಿದ್ದಾರೆಯೇ, ಯಾವ ಔಷಧ ನಡೆಯುತ್ತಿದೆ’ ಅಂತ ಆ ಅಂಶವನ್ನು ಎತ್ತಿ ಬರೆದು ಅರ್ಜಿ ಹಾಕಬಹುದು. ಚಿಕಿತ್ಸೆಯ ವಿವರ ಖಾಸಗಿ ಅಂತ ಹಿಂಬರಹ ಬರುವ ಸಾಧ್ಯತೆಯೂ ಉಂಟು, ಅದಕ್ಕೇ ತಮ್ಮನ ಸಹಿಯ ಒಪ್ಪಿಗೆ ಜೊತೆಗಿರಲಿ.

ಒಂಟಿ ರೂಮಿನ ಭಯಕ್ಕೆ ಕೆಳಗೆ ಬರ್ತೀನಿ, ಅದೇ ಪ್ರಶ್ನೆ ಇನ್ನೊಬ್ಬರೂ ಕೇಳಿದ್ದಾರೆ.

ಪ್ರತಿಕ್ರಿಯೆ, ಚಿಕ್ಕಬಳ್ಳಾಪುರ ಕಡೆ ಕೆಲಸ ಮಾಡುವ ಮನೋವೈದ್ಯೆ

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಲಿಥಿಯಂ ಥಟ್ಟನೆ ನಿಂತರೆ ಕಾಯಿಲೆ ಮರುಕಳಿಸುವುದೂ ಆತ್ಮಹತ್ಯೆಯ ಅಪಾಯವೂ ಎರಡೂ ಏರುತ್ತವೆ. ಹಾಗಂತ ವಾರ ಬಿಟ್ಟು ಹಳೇ ಚೀಟಿ ನೋಡಿ ಕೊಟ್ಟುಬಿಡುವ ಮಾತ್ರೆಯೂ ಅಲ್ಲ, ರಕ್ತದಲ್ಲಿ ಅದರ ಮಟ್ಟ ನೋಡಬೇಕು, ನೀರು ಸರಿಯಾಗಿ ಕುಡಿಯುತ್ತಿದ್ದಾನಾ ನೋಡಬೇಕು. ಆದ್ದರಿಂದ ಪತ್ರದಲ್ಲಿ ‘ಮಾತ್ರೆ ಕೊಡಿ’ ಅನ್ನುವುದಕ್ಕಿಂತ ‘ಮನೋವೈದ್ಯರಿಗೆ ತೋರಿಸಿ’ ಎಂದು ಬರೆಯಿರಿ. ಕೊನೆಯದಾಗಿ ಮಾತ್ರೆ ನುಂಗಿದ ದಿನ ನೆನಪಿದ್ದರೆ ಖಂಡಿತ ಹಾಕಿ.

ಪ್ರಶ್ನೆ, ಒಂದು ಜೈಲಿಗೆ ನಿಯೋಜನೆಯಲ್ಲಿರುವ ಶುಶ್ರೂಷಾಧಿಕಾರಿ

ಸರ್, ನಾನು ಮೂಲತಃ ತಾಲ್ಲೂಕು ಆಸ್ಪತ್ರೆಯವಳು, ಎಂಟು ತಿಂಗಳಿಂದ ಜೈಲಿನಲ್ಲಿ ಡ್ಯೂಟಿ. ಡಾಕ್ಟರ್ ವಾರಕ್ಕೆ ಮೂರು ದಿನ ಬರುತ್ತಾರೆ. ಉಳಿದ ದಿನ ಹೊಸದಾಗಿ ಬಂದವರ ಬಿಪಿ, ಶುಗರ್, ಮೈಮೇಲಿನ ಗಾಯ ನಾನೇ ನೋಡಿ ಬರೆಯುತ್ತೇನೆ. ‘ಸಾಯುವ ಯೋಚನೆ ಇದೆಯಾ’ ಅಂತ ಕೇಳೋಕೆ ಭಯ, ಕೇಳಿ ತಲೆಗೆ ಹುಳ ಬಿಟ್ಟಂತಾಗುತ್ತಾ ಅಂತ. ಹಿಂದಿದ್ದವರು ‘ನಾನು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ’ ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ಅದು ನಮಗೆ ರಕ್ಷಣೆ ಅಂತೆ. ನಿಜವೇ? ನಾಳೆ ಯಾರಾದರೂ ಹೋದರೆ ನನ್ನ ಮೇಲೆ ಕ್ರಿಮಿನಲ್ ಕೇಸ್ ಆಗುತ್ತಾ? ಅಂಥವರನ್ನು ಪ್ರತ್ಯೇಕ ಸೆಲ್‌ಗೆ ಹಾಕಲು ನಾನು ಬರೆದುಕೊಡಬಹುದಾ?

ಉತ್ತರ

ಮೇಡಂ, ಆ ಹೆಬ್ಬೆಟ್ಟಿನ ಮುಚ್ಚಳಿಕೆಯನ್ನು ದಯವಿಟ್ಟು ಇವತ್ತಿಗೇ ನಿಲ್ಲಿಸಿ. ಅದು ರಕ್ಷಣೆ ಅಲ್ಲ, ನಿಮ್ಮ ವಿರುದ್ಧದ ಸಾಕ್ಷಿ. ಎದುರು ವಕೀಲ ನಾನಾಗಿದ್ದರೆ ಒಂದೇ ಪ್ರಶ್ನೆ ಕೇಳ್ತೀನಿ: ‘ಅಪಾಯ ಇದೆ ಅಂತ ಅನ್ನಿಸಿದ್ದಕ್ಕೇ ತಾನೇ ಬರೆಸಿಕೊಂಡಿರಿ? ಅನ್ನಿಸಿದ ಮೇಲೆ ಇನ್ನೇನು ಮಾಡಿದಿರಿ?’ ಉತ್ತರ ಇಲ್ಲ. ಜೀವಕ್ಕೆ ಜಾಮೀನು ಆ ಕೈದಿಯ ಸಹಿಯಿಂದ ಬರಲ್ಲ, ಅವನೇ ಕಷ್ಟದಲ್ಲಿರುವವನು.

ಕೇಳಿದರೆ ತಲೆಗೆ ಹುಳ ಬಿಟ್ಟಂತೆ ಅನ್ನೋದು ಹಳೇ ನಂಬಿಕೆ. ಇದನ್ನು ಡಾಕ್ಟರ್ ಮೇಡಂ ನನಗಿಂತ ಚೆನ್ನಾಗಿ ಹೇಳ್ತಾರೆ. ಕಾನೂನಿನ ಕಡೆಯಿಂದ ನಾನು ಹೇಳೋದು, ಕೇಳದೆ ಬಿಟ್ಟ ಪ್ರಶ್ನೆಯೇ ನಿಮಗೆ ಮುಳುವಾಗೋದು.

ಕ್ರಿಮಿನಲ್ ಕೇಸಿನ ವಿಚಾರ. ಮೂರು ಬೇರೆ ಬೇರೆ ಹೊಣೆಗಳನ್ನು ಜನ ಒಂದೇ ಮೂಟೆಗೆ ಕಟ್ಟಿ ಹೆದರುತ್ತಾರೆ. ನಿರ್ಲಕ್ಷ್ಯದಿಂದ ಸಾವು ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಗರಿಷ್ಠ 5 ವರ್ಷ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಆದರೆ 2 ವರ್ಷ. ಈ ರಿಯಾಯಿತಿ ವೈದ್ಯ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಮಾತ್ರ, ನರ್ಸ್‌ಗಳಿಗೆ ಇಲ್ಲ. (ಈ ಕಲಂ ಬರೆದವರು ಆಸ್ಪತ್ರೆಯಲ್ಲಿ ರಾತ್ರಿ ಯಾರು ಎಚ್ಚರ ಇರ್ತಾರೆ ಅಂತ ನೋಡಿಲ್ಲ.) ಆದರೆ ಹೆದರಬೇಡಿ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಚಿಕಿತ್ಸೆಯ ವಿಚಾರದಲ್ಲಿ ಕ್ರಿಮಿನಲ್ ಶಿಕ್ಷೆಗೆ ಸಣ್ಣಪುಟ್ಟ ತಪ್ಪು ಸಾಲದು, ನಿರ್ಲಕ್ಷ್ಯ ಘೋರವಾಗಿರಬೇಕು ಅಂತ. ಜೊತೆಗೆ ಸಾವಿಗೆ ನಿಮ್ಮ ನಿರ್ಲಕ್ಷ್ಯವೇ ನೇರ ಕಾರಣ ಅಂತ ಸಾಬೀತಾಗಬೇಕು, ಆತ್ಮಹತ್ಯೆಯಲ್ಲಿ ಅದು ಸುಲಭ ಅಲ್ಲ. ಎರಡನೆಯದು ಇಲಾಖಾ ವಿಚಾರಣೆ. ನಿಜವಾಗಿ ಸಿಬ್ಬಂದಿಗೆ ಬಿಸಿ ಮುಟ್ಟೋದು ಇಲ್ಲಿ, ಇದಕ್ಕೆ ಅಷ್ಟೊಂದು ಪುರಾವೆ ಬೇಕಿಲ್ಲ. ಮೂರನೆಯದು ಸರ್ಕಾರದ ಹೊಣೆ, ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಅಡಿ ಪರಿಹಾರ. ಅದನ್ನು ಕಟ್ಟೋದು ರಾಜ್ಯ, ನೀವಲ್ಲ. ಅಲ್ಲಿ ನೀವು ಸಾಕ್ಷಿ.

ಹಾಗಾದರೆ ನಿಮ್ಮನ್ನು ಕಾಪಾಡೋದು ಏನು? ನಿಮ್ಮದೇ ಕೈಬರಹ. ಏನು ಕೇಳಿದಿರಿ, ಅವನು ಯಾವ ಮಾತಿನಲ್ಲಿ ಉತ್ತರಿಸಿದ, ಎಷ್ಟು ಗಂಟೆ, ಯಾರಿಗೆ ತಿಳಿಸಿದಿರಿ, ಅವರು ಏನಂದರು. ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದರೆ ‘ರಾತ್ರಿ 8.40ಕ್ಕೆ ದೂರವಾಣಿಯಲ್ಲಿ ತಿಳಿಸಲಾಯಿತು, ನಾಳೆ ನೋಡುವುದಾಗಿ ಹೇಳಿದರು, ಅಲ್ಲಿಯವರೆಗೆ ನಿಗಾ’ ಅಂತ ಬರೆದು ಸಹಿ ಮಾಡಿ, ಕರ್ತವ್ಯದಲ್ಲಿರುವ ಜೈಲರ್ ಸಹಿಯನ್ನೂ ಹಾಕಿಸಿ. ಸಹಿ ಹಾಕಲ್ಲ ಅಂದರೆ ‘ಸಹಿ ನಿರಾಕರಿಸಿದರು’ ಅಂತ ಬರೆಯಿರಿ. ಸಹಿ ಕೇಳಿದ ಕೂಡಲೇ ಎಷ್ಟೋ ಜನ ಎದ್ದು ಹೋಗಿ ಆ ಕೈದಿಯನ್ನು ನೋಡಿಕೊಂಡು ಬರ್ತಾರೆ, ಇದನ್ನು ನಾನೇ ಕಂಡಿದ್ದೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಟೇಬಲ್ ಮೇಲೆ ಇರಲಿ. ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೆ ಕನಿಷ್ಠ ಮೂಲಭೂತ ಮತ್ತು ತುರ್ತು ಮಾನಸಿಕ ಆರೈಕೆಯ ತರಬೇತಿ ಕೊಡಬೇಕಾದ್ದು ಸರ್ಕಾರದ ಕರ್ತವ್ಯ ಅಂತ 31ನೇ ಕಲಂ. 103ನೇ ಕಲಂನಲ್ಲಿ, ಮಾನಸಿಕ ಕಾಯಿಲೆಯ ಕೈದಿಗಳು ಯಾರೂ ಜೈಲಿನಲ್ಲಿ ಇಲ್ಲ ಅಂತ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೃಢೀಕರಿಸಿ ವರದಿ ಕಳಿಸಬೇಕು. ಈ ವರದಿ ‘ಇಲ್ಲ’ ಅಂತ ಯಾಂತ್ರಿಕವಾಗಿ ಹೋದರೆ ಒಂದು ದಿನ ತಿರುಗಿ ಬಂದು ಕಚ್ಚುತ್ತೆ. ನಿಮ್ಮ ಒಪಿಡಿ ಪುಸ್ತಕದಲ್ಲಿ ಖಿನ್ನತೆಯ ಮಾತ್ರೆ ಬರೆದಿದೆ, ವರದಿಯಲ್ಲಿ ಕಾಯಿಲೆಯವರೇ ಇಲ್ಲ! ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು.

ಪ್ರತ್ಯೇಕ ಸೆಲ್ ಬೇಡ. ಇದನ್ನು ಶ್ರೀನಿವಾಸಪುರದ ಅಣ್ಣನಿಗೂ ಹೇಳ್ತಿದ್ದೀನಿ. ಒಬ್ಬನೇ ಕೂತರೆ ಅಪಾಯ ಹೆಚ್ಚುತ್ತೆ, ಕಡಿಮೆ ಆಗಲ್ಲ. ಏಕಾಂತ ಸೆರೆಯನ್ನು ಅಧೀಕ್ಷಕರು ತಮ್ಮಷ್ಟಕ್ಕೆ ವಿಧಿಸುವಂತಿಲ್ಲ ಅಂತ 1978ರಲ್ಲೇ ಸುನಿಲ್ ಬಾತ್ರಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿದೆ. ‘ಸುರಕ್ಷತೆಗಾಗಿ’ ಅಂತ ಹೆಸರು ಬದಲಿಸಿದ ಮಾತ್ರಕ್ಕೆ ಕೋಣೆ ಬದಲಾಗಲ್ಲ. ನೀವು ಪತ್ರದಲ್ಲಿ ಕೇಳಬೇಕಾದ್ದು ಜನರ ನಡುವಿನ ಜಾಗ, ಕಣ್ಣಿಗೆ ಬೀಳುವ ಜಾಗ, ರಾತ್ರಿ ಬೆಳಕಿರುವ ಜಾಗ. ಜೊತೆಗೆ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ.

ಮನೋವೈದ್ಯೆ

ಕೇಳಿ ಮೇಡಂ, ನೇರವಾಗಿಯೇ ಕೇಳಿ. ‘ಇಷ್ಟೆಲ್ಲ ಆದ ಮೇಲೆ ಬದುಕೇ ಬೇಡ ಅನ್ನಿಸಿದ್ದುಂಟಾ?’ ಹೀಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯುತ್ತದೆ. ಸುತ್ತ ನಾಲ್ಕು ಜನ ನಿಂತಿರುವಾಗ ಕೇಳಿದರೆ ಮಾತ್ರ ಯಾರೂ ನಿಜ ಹೇಳುವುದಿಲ್ಲ, ಬಿಪಿ ನೋಡುವ ನೆಪದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಿ.

ಮೊದಲ ದಿನ ಕೇಳಿ ಮುಗಿಯಿತು ಅಂದುಕೊಳ್ಳಬೇಡಿ. ಮೊದಲ ರಾತ್ರಿ, ಮೊದಲ ವಾರಗಳು ಕಷ್ಟದವು ನಿಜ. ಆಮೇಲೂ ಜಾಮೀನು ವಜಾ ಆದ ಸಂಜೆ, ಶಿಕ್ಷೆ ಆದ ದಿನ, ಹೆಂಡತಿ ಇನ್ನು ಬರಲ್ಲ ಅಂದ ಫೋನು, ಊರಲ್ಲಿ ಸಾವಾದ ಸುದ್ದಿ, ಆಸ್ಪತ್ರೆಯಿಂದ ವಾಪಸ್ ಬಂದ ಮೊದಲ ದಿನಗಳು, ಇವೆಲ್ಲ ಮತ್ತೆ ಮೊದಲ ರಾತ್ರಿಯೇ. ಕೋರ್ಟಿನಿಂದ ವ್ಯಾನು ಬಂದಾಗ ಇಳಿಯುವವರ ಮುಖ ನೋಡುವ ಒಬ್ಬರು ಇರಬೇಕು.

ನಮ್ಮ ಕಡೆಯ ಜಿಲ್ಲೆಗಳಲ್ಲಿ ನಾನು ಪ್ರತ್ಯೇಕವಾಗಿ ಹೇಳುವ ಸಂಗತಿ ಕುಡಿತ. ದಿನಾ ಕುಡಿಯುವವನಿಗೆ ಅರೆಸ್ಟ್ ಆದ ಕ್ಷಣದಿಂದ ಮದ್ಯ ಬಂದ್. ಎರಡನೇ, ಮೂರನೇ ದಿನಕ್ಕೆ ಕೈ ನಡುಕ, ಬೆವರು, ಯಾರೋ ಕೊಲ್ಲೋಕೆ ಬರ್ತಿದ್ದಾರೆ ಅನ್ನುವ ಭ್ರಮೆ. ಆ ಭಯದಲ್ಲಿ ತನಗೆ ತಾನೇ ಏನು ಬೇಕಾದರೂ ಮಾಡಿಕೊಳ್ಳುತ್ತಾನೆ. ಬ್ಯಾರಕ್‌ನಲ್ಲಿ ಇದನ್ನು ‘ದೆವ್ವ ಹಿಡಿದಿದೆ’ ಅನ್ನುತ್ತಾರೆ, ಇಲ್ಲ ‘ನಾಟಕ’ ಅನ್ನುತ್ತಾರೆ. ಅದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ, ತಡವಾದರೆ ಅದರಿಂದಲೇ ಸಾವು ಬರಬಹುದು. ‘ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದಾಗಿ ಯಾವಾಗ ಕುಡಿದದ್ದು’ ಎಂದು ಪ್ರವೇಶದ ದಿನವೇ ಬರೆದುಕೊಳ್ಳಿ.

ಒಳಗಿರುವವರಲ್ಲಿ ಕಾಯಿಲೆ ಅಪರೂಪ ಅಂದುಕೊಳ್ಳುವವರಿಗೆ: ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನವರು 5,024 ಕೈದಿಗಳನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮದ್ಯ, ಮಾದಕ ವಸ್ತುಗಳ ಸಮಸ್ಯೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ 27.6ರಷ್ಟು ಜನರಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು.

ಪ್ರಶ್ನೆ, ವಾರ್ಡರ್ ಒಬ್ಬರು

ಎಲ್ಲ ಸರಿ ಸಾರ್. ಆದ್ರೆ ಕೊನೆಗೆ ಸಸ್ಪೆಂಡ್ ಆಗೋದು ನಾವು. ರಾತ್ರಿ ಒಬ್ಬನೇ ಎರಡು ಬ್ಯಾರಕ್ ನೋಡ್ಬೇಕು. ಹೊರಗಡೆ ಆಸ್ಪತ್ರೆಗೆ ಹೋಗೋಕೆ, ಬೀಡಿ ಸಿಗುತ್ತೆ ಅಂತ ಕೈ ಕುಯ್ಕೊಳ್ಳೋರನ್ನ ನಾವು ದಿನಾ ನೋಡ್ತೀವಿ. ಎಲ್ಲ ಡ್ರಾಮಾ. ‘ಸಾಯ್ತೀನಿ ಅಂತ ಹೆದರ್ಸಿದ್ರೆ ಹೊಸ ಕಾನೂನಲ್ಲಿ ಕೇಸ್ ಹಾಕ್ತೀವಿ’ ಅಂದ್ರೆ ಸುಮ್ಮನಾಗ್ತಾರೆ. ತಪ್ಪಾ?

ಉತ್ತರ

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ತಪ್ಪು.

ನೀವು ಹೇಳ್ತಿರೋದು ನ್ಯಾಯ ಸಂಹಿತೆಯ 226. ಸರ್ಕಾರಿ ನೌಕರನ ಕೈ ಕಟ್ಟಿಹಾಕುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಆತ್ಮಹತ್ಯೆ ಯತ್ನವೇ ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309 ಹೋದ ಮೇಲೆ ಉಳಿದಿರೋದು ಇಷ್ಟೇ. ಆದರೆ ಅದರ ಪಕ್ಕದಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯ 115 ನಿಂತಿದೆ. ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಅವನಿಗೆ ಆರೈಕೆ, ಚಿಕಿತ್ಸೆ ಕೊಡಿಸೋದು ಸರ್ಕಾರದ ಕರ್ತವ್ಯ ಅನ್ನುತ್ತೆ ಅದು. ಕೇಸಿನ ಬೆದರಿಕೆಗೆ ಅವನು ಸುಮ್ಮನಾದ ಅಂದರೆ ನಿಮಗೆ ಹೇಳೋದನ್ನು ಬಿಟ್ಟ ಅಂತ, ಅಷ್ಟೇ. ಮುಂದಿನ ಸಲ ಹೇಳಲ್ಲ.

ಡ್ರಾಮಾ ಅನ್ನೋ ಪದದ ಬಗ್ಗೆ. ಬೀಡಿಗಾಗಿ ಕೈ ಕುಯ್ದುಕೊಂಡವನು ಮುಂದೆ ಸತ್ತಿರುವ ಉದಾಹರಣೆಗಳು ಬೇಕಾದಷ್ಟಿವೆ. ಒಮ್ಮೆ ತನಗೆ ತಾನೇ ಗಾಯ ಮಾಡಿಕೊಂಡವನ ಅಪಾಯ ಬೇರೆಯವರಿಗಿಂತ ಹೆಚ್ಚು, ಕಾರಣ ಏನೇ ಇರಲಿ. ನಿಮ್ಮ ಪುಸ್ತಕದಲ್ಲಿ ‘ನಾಟಕ’ ಅಂತ ಬರೆದ ಮೂರನೇ ವಾರಕ್ಕೆ ಅವನು ಹೋದರೆ ಆ ಒಂದು ಪದವನ್ನು ಹೈಕೋರ್ಟಿನಲ್ಲಿ ಎಷ್ಟು ಸಲ ಓದ್ತಾರೆ ಊಹಿಸಿಕೊಳ್ಳಿ.

ಗಸ್ತು ಪುಸ್ತಕದ ಮಾತೂ ಬಂತು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸರಿಯಾಗಿ ಅರ್ಧ ಗಂಟೆಗೊಂದು ಸಾಲು, ಒಂದೇ ಪೆನ್ನು, ಒಂದೇ ಓರೆ, ‘ಎಲ್ಲಾ ಸರಿ ಇದೆ’. ಮೊದಲ ಸಾಲು ಬಿಟ್ಟರೆ ಉಳಿದದ್ದೆಲ್ಲ ಮೇಲಿನಂತೆ ಅನ್ನೋ ಎರಡು ಗೀಟು. ಇದನ್ನು ಯಾವ ಹೊತ್ತಿನಲ್ಲಿ ಬರೆದದ್ದು ಅಂತ ಕಂಡುಹಿಡಿಯೋಕೆ ವಿಧಿವಿಜ್ಞಾನ ಪ್ರಯೋಗಾಲಯ ಬೇಡ. ಸಿಸಿಟಿವಿಯಲ್ಲಿ ಇನ್ನೊಂದು ಕಥೆ ಇರುತ್ತೆ. ಹೋಗದ ಗಸ್ತನ್ನು ಹೋದೆ ಅಂತ ಬರೆಯೋದಕ್ಕಿಂತ ‘ಒಬ್ಬನೇ ಇದ್ದೆ, ಎರಡನೇ ಬ್ಯಾರಕ್‌ನಲ್ಲಿ ಗಲಾಟೆ, 2.10ರ ಗಸ್ತು ಆಗಲಿಲ್ಲ’ ಅಂತ ಬರೆದವನು ಕೋರ್ಟಿನಲ್ಲಿ ನಿಲ್ಲುತ್ತಾನೆ. ನಿಗಾದಲ್ಲಿರುವವನ ಹತ್ತಿರ ಗಡಿಯಾರ ಇಟ್ಟ ಹಾಗೆ ಹೋಗಬೇಡಿ, ಹೊತ್ತು ಅದಲು ಬದಲು ಮಾಡಿ ಹೋಗಿ. ನಿಜವಾಗಿ ಗಂಭೀರ ಇದ್ದರೆ ಗಸ್ತು ಸಾಕಾಗಲ್ಲ, ಒಬ್ಬರು ಕಣ್ಣೆದುರೇ ಇರಬೇಕು, ಇಲ್ಲ ಆಸ್ಪತ್ರೆಗೆ ಹೋಗಬೇಕು.

ಸಿಬ್ಬಂದಿ ಕಡಿಮೆ ಅನ್ನೋದು ಸರ್ಕಾರಕ್ಕೆ ನೆಪ ಆಗಲ್ಲ, ನಿಮಗೆ ಮಾತ್ರ ಆಸರೆ ಆಗುತ್ತೆ. ಆದರೆ ಘಟನೆಗೆ ಮೊದಲೇ ಬರೆದಿಟ್ಟಿರಬೇಕು. ‘ಇಂಥ ಬ್ಯಾರಕ್‌ನಲ್ಲಿ ಇಬ್ಬರು ನಿಗಾದಲ್ಲಿದ್ದಾರೆ, ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕು’ ಅಂತ ಒಂದು ಮನವಿ, ತಾರೀಕಿನೊಂದಿಗೆ.

ಕೈದಿಗಳ ಪೈಕಿಯೇ ನಂಬಿಕಸ್ಥರನ್ನು ಆರಿಸಿ, ಕುಗ್ಗಿದವರನ್ನು ಗುರುತಿಸಲು ಕಲಿಸಿ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿದೆ. ಒಳ್ಳೇ ಉಪಾಯ. ಪಕ್ಕದಲ್ಲಿ ಮಲಗೋನಿಗೆ ಗೊತ್ತಿರುವಷ್ಟು ನನಗೂ ನಿಮಗೂ ಗೊತ್ತಾಗಲ್ಲ. ಆದರೆ ಅವನು ನಿಮ್ಮ ಕೆಲಸಕ್ಕೆ ಬದಲಿ ಅಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ, ಬರೀ ನಿಮಗೆ ಬುದ್ಧಿ ಹೇಳಿದ ಹಾಗಾಗಬಾರದು. ಹತ್ತು ಹನ್ನೆರಡು ವರ್ಷದ ಹಿಂದೆ ಕೋರ್ಟಿನ ಕಾರಿಡಾರಿನಲ್ಲಿ ನನ್ನ ಕಕ್ಷಿದಾರನೊಬ್ಬ ‘ಮುಂದಿನ ಡೇಟಿಗೆ ನಾನು ಬರಲ್ಲ ಸಾರ್’ ಅಂದ. ಜಾಮೀನು ಸಿಕ್ಕಿ ಒಂದೂವರೆ ತಿಂಗಳಾಗಿತ್ತು, ಪಹಣಿ ಹಿಡಿದು ಶೂರಿಟಿ ಕೊಡುವವರು ಯಾರೂ ಇರಲಿಲ್ಲ. ನಾನು ಫೈಲು ಕಟ್ಟುತ್ತಾ ‘ಬರದೆ ಎಲ್ಲಿಗೆ ಹೋಗ್ತೀಯಪ್ಪ’ ಅಂದೆ. ನಾಲ್ಕನೇ ದಿನ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಬದುಕಿದ. ಪಕ್ಕದವನಿಗೆ ನಿದ್ದೆ ಬಂದಿರಲಿಲ್ಲ, ಅದೇ ಪುಣ್ಯ. ಅವತ್ತು ಜೈಲಿನವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು. ಈಗ ನನ್ನ ಡೈರಿಯಲ್ಲಿ ಅಂಥ ಮಾತು ಬಂದರೆ ಅದೇ ದಿನ ಮೆಮೊ ಆಗಿ ಕೋರ್ಟಿಗೆ ಹೋಗುತ್ತೆ.

ಪ್ರಶ್ನೆ, ಮಾಲೂರಿನಿಂದ

ನಮ್ಮ ಯಜಮಾನರು ಮೂರು ವರ್ಷದ ಹಿಂದೆ ಬೇರೆ ಜಿಲ್ಲೆ ಜೈಲಲ್ಲಿ ತೀರ್ಕೊಂಡ್ರು. ಆತ್ಮಹತ್ಯೆ ಅಂದ್ರು. ‘ಅವರೇ ಮಾಡ್ಕೊಂಡಿದ್ದು, ಯಾರೂ ಏನೂ ಮಾಡಕ್ಕಾಗಲ್ಲಮ್ಮ’ ಅಂತ ಹೇಳಿ ಎರಡು ಕಾಗದಕ್ಕೆ ಸಹಿ ತಗೊಂಡು ಬಾಡಿ ಕೊಟ್ರು. ಒಂದು ಪೇಪರ್ರೂ ನಮ್ಮತ್ರ ಇಲ್ಲ. ಎರಡು ಹೆಣ್ಣುಮಕ್ಕಳಿದ್ದಾರೆ. ಈಗ ಏನಾದ್ರೂ ಕೇಳ್ಬಹುದಾ ಸಾರ್, ತಡ ಆಯ್ತಾ?

ಉತ್ತರ

ಅಮ್ಮಾ, ತಡ ಆಗಿದೆ, ಆದರೆ ದಾರಿ ಮುಚ್ಚಿಲ್ಲ.

‘ಅವರೇ ಮಾಡಿಕೊಂಡದ್ದು’ ಅನ್ನೋದು ಕಾನೂನಿನಲ್ಲಿ ಪೂರ್ತಿ ಉತ್ತರ ಅಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿ ತನ್ನ ಹತ್ತಿರ ಇಟ್ಟುಕೊಂಡ ಮೇಲೆ ಒಳಗಿರುವವರ ಜೀವ ಕಾಯೋದು ರಾಜ್ಯದ ಹೊಣೆ. 1993ರ ನೀಲಬತಿ ಬೆಹೆರಾ ಕೇಸಿನಲ್ಲಿ, ಅದು ಒಡಿಶಾದ ಪೊಲೀಸ್ ಕಸ್ಟಡಿಯ ಸಾವು, ಸುಪ್ರೀಂ ಕೋರ್ಟು ತಾಯಿಗೆ ಒಂದೂವರೆ ಲಕ್ಷ ಕೊಡಿಸಿತು. 2000ದಲ್ಲಿ ಚಲ್ಲಾ ರಾಮಕೃಷ್ಣ ರೆಡ್ಡಿ ಕೇಸು. ಆಂಧ್ರದ ಒಂದು ಸಬ್ ಜೈಲಿಗೆ ಹೊರಗಿನವರು ನುಗ್ಗಿ ಬಾಂಬ್ ಹಾಕಿ ಕೊಂದರು. ಜೀವದ ಹಕ್ಕಿನ ಮುಂದೆ ‘ಸಾರ್ವಭೌಮ ವಿನಾಯಿತಿ’, ಅಂದರೆ ಸರ್ಕಾರದ ಮೇಲೆ ದಾವೆ ನಡೆಯಲ್ಲ ಅನ್ನುವ ಹಳೇ ಗುರಾಣಿ ನಡೆಯಲ್ಲ ಅಂತ ಅಲ್ಲಿ ತೀರ್ಮಾನ ಆಯಿತು. ಹೊರಗಿನವರು ಕೊಂದದ್ದಕ್ಕೂ ಸರ್ಕಾರ ಹೊಣೆ ಅಂದ ಮೇಲೆ, ಒಳಗೊಬ್ಬ ಕುಗ್ಗಿ ಕುಗ್ಗಿ ಹೋದದ್ದನ್ನು ಯಾರೂ ನೋಡಲಿಲ್ಲ ಅನ್ನೋದಕ್ಕೆ ಉತ್ತರ ಕೊಡಬೇಕಲ್ಲ. 2017ರ ಸೆಪ್ಟೆಂಬರ್ 15ರಂದು ದೇಶದ 1,382 ಜೈಲುಗಳ ಸ್ಥಿತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು, 2012ರಿಂದ 2015ರ ನಡುವೆ ಜೈಲುಗಳಲ್ಲಿ ಅಸಹಜವಾಗಿ ಸತ್ತವರ ಕುಟುಂಬಗಳನ್ನು ಹುಡುಕಿ ಪರಿಹಾರ ಕೊಡಿಸಿ ಅಂತ ಎಲ್ಲ ಹೈಕೋರ್ಟುಗಳಿಗೂ ಸೂಚಿಸಿತು. ನಿಮ್ಮ ಯಜಮಾನರು ಆ ವರ್ಷಗಳಲ್ಲಿ ಬರಲ್ಲ, ಆದರೆ ಅದರ ಹಿಂದಿನ ತತ್ವ ನಿಮಗೂ ಅನ್ವಯ. ಆ ನ್ಯಾಯಾಲಯವೇ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ ಲೆಕ್ಕ ಹಾಕಿದಾಗ 2017ರಿಂದ 2021ರವರೆಗೆ ಜೈಲುಗಳಲ್ಲಿ ಆದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ಒಬ್ಬರ ಹಣೆಬರಹ ಅಂತ ಬಿಡೋಕೆ ಇಷ್ಟು ಜನರ ಹಣೆ ಒಂದೇ ಥರ ಇರಲ್ಲ.

ಮೊದಲು ಕಾಗದ ಕೂಡಿಸಬೇಕು. ಜೈಲಿನ ಪ್ರತಿ ಸಾವನ್ನೂ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, 1993ರಿಂದಲೂ ಈ ನಿಯಮ ಇದೆ. ಹಾಗಾಗಿ ಅಲ್ಲಿ ನಿಮ್ಮ ಯಜಮಾನರ ಹೆಸರಿನ ಫೈಲು ಇರಬೇಕು, ಅದರ ಸ್ಥಿತಿ ಏನು ಅಂತ ಪತ್ರ ಬರೆದು ಕೇಳಿ. ಹೊಸ ದೂರಿಗೆ ಅವರ ಕಾಯ್ದೆಯಲ್ಲಿ ಒಂದು ವರ್ಷದ ಗಡಿ, ಅದು ದಾಟಿದೆ. ಆದರೆ ಅವರಲ್ಲೇ ಇರುವ ಫೈಲಿನ ಗತಿ ಕೇಳೋಕೆ ಆ ಗಡಿ ಅಡ್ಡ ಬರಲ್ಲ. ಎರಡನೆಯದು ಮ್ಯಾಜಿಸ್ಟ್ರೇಟ್ ವಿಚಾರಣೆಯ ವರದಿ. ಕಸ್ಟಡಿಯಲ್ಲಿ ಸಾವಾದರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರೂ ವಿಚಾರಣೆ ಮಾಡಬೇಕು. ನಿಮ್ಮ ಕಾಲಕ್ಕೆ ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ 176, ಈಗ ನಾಗರಿಕ ಸುರಕ್ಷಾ ಸಂಹಿತೆಯ 196. ಸಾಧ್ಯವಿದ್ದಷ್ಟೂ ಮನೆಯವರಿಗೆ ತಿಳಿಸಬೇಕು, ಹಾಜರಿರಲು ಬಿಡಬೇಕು. ನಿಮಗೆ ನೋಟಿಸು ಬಂದಿತ್ತಾ ನೆನಪು ಮಾಡಿಕೊಳ್ಳಿ. ಬಂದೇ ಇಲ್ಲ ಅಂದರೆ ಅದೇ ಒಂದು ಅಂಶ. ಮರಣೋತ್ತರ ಪರೀಕ್ಷೆಯ ವರದಿ, ಅದರ ವಿಡಿಯೊ, ಪಂಚನಾಮೆ, ಜೈಲಿನ ಆಸ್ಪತ್ರೆಯ ಚೀಟಿಗಳು, ಪ್ರವೇಶದ ದಿನದ ತಪಾಸಣೆ ಹಾಳೆ, ಇವನ್ನೆಲ್ಲ ಮಾಹಿತಿ ಹಕ್ಕಿನಲ್ಲಿ ಕೇಳಿ.

ಕಾಗದ ಬಂದ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿ. ಅದಕ್ಕೆ ಇಷ್ಟೇ ದಿನ ಅಂತ ಗೆರೆ ಇಲ್ಲ, ತಡಕ್ಕೆ ಕಾರಣ ಹೇಳಬೇಕು. ಓದುಬರಹ ಕಡಿಮೆ, ಸಣ್ಣ ಮಕ್ಕಳು, ದಾಖಲೆಯನ್ನೇ ಕೊಟ್ಟಿರಲಿಲ್ಲ, ಇವೆಲ್ಲ ಕಾರಣಗಳೇ. ಸಿವಿಲ್ ದಾವೆಗೆ ಎರಡು ವರ್ಷದ ಮಿತಿ ಇತ್ತು, ಅದನ್ನು ಈಗ ಬಿಡಿ. ನಿಮಗೆ ಉಚಿತ ವಕೀಲರು ಸಿಗ್ತಾರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಆ ಹಕ್ಕಿದೆ.

ಒಂದು ಮಾತು ಕೇಳಬೇಕು. ಅವರು ತೀರಿಕೊಳ್ಳುವ ಮೊದಲಿನ ಸಂದರ್ಶನದಲ್ಲಿ, ಫೋನಿನಲ್ಲಿ, ಅಥವಾ ಕೋರ್ಟಿನಲ್ಲಿ ಏನಾದರೂ ಹೇಳಿದ್ದರಾ? ಅದನ್ನು ನೀವು ಯಾರಿಗಾದರೂ ಹೇಳಿದ್ದಿರಾ? ಇಲ್ಲಿ ಬರೆಯಬೇಡಿ, ನನಗೆ ಪ್ರತ್ಯೇಕ ಕಳಿಸಿ. ಹೇಳಿರಲಿಲ್ಲ ಅಂದರೂ ನಿಮ್ಮ ತಪ್ಪು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹೇಳೋದಕ್ಕೆ ಅಲ್ಲೊಂದು ಕಿಟಕಿಯಾದರೂ ಇರಬೇಕಿತ್ತು.

(ಈಗಷ್ಟೇ ಇಂಥದ್ದು ನಡೆದ ಮನೆಯವರು ಯಾರಾದರೂ ಓದುತ್ತಿದ್ದರೆ: ಮೊದಲ ದಿನವೇ ‘ಸಿಸಿಟಿವಿ ದೃಶ್ಯ ಅಳಿಸದೆ ಕಾಯ್ದಿಡಿ’ ಅಂತ ಅಧೀಕ್ಷಕರಿಗೂ ಮ್ಯಾಜಿಸ್ಟ್ರೇಟರಿಗೂ ಬರೆದು ಕೊಡಿ. ಓದಿ ಅರ್ಥವಾಗದ ಕಾಗದಕ್ಕೆ ಸಹಿ ಬೇಡ.)

ಪ್ರಶ್ನೆ, ತುಮಕೂರಿನ ಕಾನೂನು ವಿದ್ಯಾರ್ಥಿ

ಸರ್, ಅಮೆರಿಕದಲ್ಲಿ ಇಂಥ ಕೇಸುಗಳಲ್ಲಿ ಜೈಲಿನ ವೈದ್ಯರ ಮೇಲೇ ನೇರ ದಾವೆ ಹಾಕುತ್ತಾರಲ್ಲ, ನಮ್ಮಲ್ಲಿ ಯಾಕಿಲ್ಲ?

ಉತ್ತರ

ಅಲ್ಲಿ 1976ರ ಎಸ್ಟೆಲ್ ವಿರುದ್ಧ ಗ್ಯಾಂಬಲ್ ಕೇಸಿನಿಂದ ‘ಉದ್ದೇಶಪೂರ್ವಕ ಉದಾಸೀನ’ ಅನ್ನೋ ಅಳತೆಗೋಲು ಬಂತು. 1994ರ ಫಾರ್ಮರ್ ಕೇಸಿನಲ್ಲಿ ಅದನ್ನು ಬಿಗಿ ಮಾಡಿದರು: ಅಧಿಕಾರಿಗೆ ಅಪಾಯ ನಿಜವಾಗಿ ತಿಳಿದಿರಬೇಕು, ತಿಳಿದೂ ಕಡೆಗಣಿಸಿರಬೇಕು. ಕೋಟಿಗಟ್ಟಲೆ ಪರಿಹಾರದ ಸುದ್ದಿ ನೀವು ಓದಿರ್ತೀರಿ. ಸೋತ ಕೇಸುಗಳು ಸುದ್ದಿಯಾಗಲ್ಲ, ಆ ಗೋಲು ದಾಟೋದು ಅಷ್ಟು ಕಷ್ಟ. ನಮ್ಮಲ್ಲಿ ವ್ಯಕ್ತಿಯ ಮನಸ್ಸಿನೊಳಗೆ ಹೋಗಬೇಕಿಲ್ಲ, ಕಸ್ಟಡಿಯಲ್ಲಿ ಸಾವಾಯಿತು, ರಾಜ್ಯ ವಿವರಣೆ ಕೊಡಲಿ ಅಂತ ಕೇಳಬಹುದು. ಹಣ ಕಡಿಮೆ, ದಾರಿ ಸ್ವಲ್ಪ ಅಗಲ. ಎರಡೂ ಕಡೆ ಕೊನೆಗೆ ಹುಡುಕೋದು ಮಾತ್ರ ಅದೇ ಪುಸ್ತಕ, ಅದೇ ಸಾಲು. ಪ್ರಬಂಧಕ್ಕೆ ಕೇಳ್ತಿದ್ದರೆ ತೀರ್ಪುಗಳನ್ನು ನೀವೇ ಓದಿ ಮಾರಾಯರೇ, ಗುಂಪಿನಿಂದ ಕಾಪಿ ಮಾಡಬೇಡಿ.

ಮರುಮಾತು, ಶ್ರೀನಿವಾಸಪುರದ ಅಣ್ಣ, ಮೂರನೇ ದಿನ

ಸಾರ್, ಪತ್ರ ಕೊಟ್ಟೆ. ಗೇಟಲ್ಲಿ ಮೊದಲು ತಗೊಳ್ಳಲ್ಲ ಅಂದ್ರು, ಸ್ವೀಕೃತಿ ಬೇಕು ಅಂದಿದ್ದಕ್ಕೆ ಒಳಗೆ ಹೋಗಿ ಕೇಳ್ಕೊಂಡು ಬಂದು ಸೀಲ್ ಹಾಕಿದ್ರು. ವಕೀಲರು ಮೆಮೊ ಹಾಕಿದ್ದಾರೆ. ನಿನ್ನೆ ಅವನನ್ನ ಜಿಲ್ಲಾಸ್ಪತ್ರೆಗೆ ಕರ್ಕೊಂಡೋಗಿ ಮನೋವೈದ್ಯರಿಗೆ ತೋರಿಸಿದ್ರಂತೆ, ರಕ್ತ ತಗೊಂಡಿದ್ದಾರೆ. ಇವತ್ತು ಸಂದರ್ಶನದಲ್ಲಿ ಜಾಸ್ತಿ ಮಾತಾಡ್ಲಿಲ್ಲ, ಆದ್ರೆ ಊಟ ಮಾಡ್ತಿದ್ದೀನಿ ಅಂದ. ಹತ್ತು ಜನ ಇರೋ ಬ್ಯಾರಕ್‌ನಲ್ಲೇ ಇದ್ದಾನೆ. ಮುಳಬಾಗಿಲು ಕಡೆಯೋನೊಬ್ಬ ಪಕ್ಕದಲ್ಲಿ ಮಲಗ್ತಾನಂತೆ, ತೆಲುಗು ಬರುತ್ತಂತೆ ಅವನಿಗೆ.

ಉತ್ತರ

ತುಂಬಾ ಒಳ್ಳೇದಾಯ್ತು ಅಣ್ಣಾ. ಮುಂದಿನ ಬಾರಿ ಹೋದಾಗ ಆ ಮುಳಬಾಗಿಲಿನವನಿಗೂ ಒಂದು ಮಾತು ಹೇಳಿಬರೋಕೆ ಸಾಧ್ಯವಾ ನೋಡಿ. ಜಾಮೀನು ಅರ್ಜಿ ಆದೇಶಕ್ಕೆ ಯಾವತ್ತು ಇದೆ? ಆ ತಾರೀಕನ್ನು ನರ್ಸ್ ಅವರಿಗೋ ಡಾಕ್ಟರಿಗೋ ಮೊದಲೇ ತಿಳಿಸಿ, ಅವತ್ತು ಸಂಜೆ ಅವನನ್ನು ಒಮ್ಮೆ ನೋಡಲಿ. ಆಮೇಲೆ ಆ ಸೀಲಿನ ಫೋಟೊ ನನಗೆ ಕಳಿಸಿ, ಅದರಲ್ಲಿ ತಾರೀಕು ಸರಿಯಾಗಿ ಬಿದ್ದಿದೆಯಾ ನೋಡಬೇಕು. ಎಷ್ಟೋ ಸಲ ಬರೀ ಗೋಲ ಸೀಲು ಒತ್ತಿ ಕಳಿಸ್ತಾರೆ.

ಅಣ್ಣ

ಬಿದ್ದಿದೆ ಸಾರ್. ಟೈಮೂ ಬರೆಸಿದ್ದೀನಿ, ಬೆಳಗ್ಗೆ 11.25.